ಅತ್ತೆ ತಿಕ್ಕಿದ ನಾಣ್ಯಗಳು

ಅತ್ತೆ,

ನಿಮ್ಮ ಮಗನ ಸಾವಿಗೆ ಬಂದ ನೆಂಟರೆಲ್ಲ ಹೋದರು. ಇವತ್ತಿನಿಂದ ನಾನು ಕೆಲಸಕ್ಕೆ ಹೋಗುತ್ತೇನೆ. ತಿಂಡಿ ಮುಚ್ಚಿಟ್ಟಿದ್ದೇನೆ, ತಿನ್ನಿ.

ಅವರು ಡಬ್ಬಿಯಲ್ಲಿ ಕೂಡಿಟ್ಟಿದ್ದ ನಾಣ್ಯಗಳನ್ನು ಪಾತ್ರೆಗಳ ಜೊತೆ ತಿಕ್ಕಿಟ್ಟಿದ್ದೀರಿ. ಈಗ ಚಿಲ್ಲರೆ ಕಾಸೂ ಮದುಮಗನಂತೆ ಮಿಂಚುತ್ತಿದೆ! ಬೆಳ್ಳಗಿರುವುದೆಲ್ಲ ಹಾಲಲ್ಲ, ಅತ್ತೆ. ಅದರಲ್ಲೊಂದು ಗಡಿಯಾರದಂಗಡಿ ಅಜ್ಜನದು, ಅವರು ನೋಡಿ ಕೊಡುತ್ತೇನೆಂದು ತಂದದ್ದು, ಸಂಗ್ರಹಕ್ಕೆಂದೇ ಅಚ್ಚು ಹಾಕಿದ ಪ್ರೂಫ್ ನಾಣ್ಯ. ಚಿತ್ರ ಮಬ್ಬು, ಸುತ್ತಲೂ ಕನ್ನಡಿಯಂಥ ಹೊಳಪು. ಒಂದು ಗೀರು ಬಿದ್ದರೂ ಕೆಟ್ಟಿತು. ನಿನ್ನೆ ನೀವು “ಇದರಲ್ಲಿ ಆಗಲೇ ಮುಖ ಕಾಣುತ್ತಲ್ಲ, ತಿಕ್ಕೋದ್ಯಾಕೆ” ಎಂದು ಗೊಣಗಿ ಅದನ್ನು ಬಿಟ್ಟದ್ದೇ ಪುಣ್ಯ.

ನಾನೂ ಅದರಲ್ಲಿ ಮುಖ ನೋಡಿಕೊಂಡೆ. ಕೂಡಲೇ ಹೋಗಿ ತಲೆ ಬಾಚಿಕೊಂಡೆ.

ಅವರು ಅಜ್ಜನಿಗೆ “ನಾಳೆ ತಂದ್ಕೊಡ್ತೀನಿ” ಎಂದು ತಿಂಗಳಾಯಿತು. ದಾರಿಯಲ್ಲಿ ನಾನೇ ಕೊಟ್ಟು ಹೋಗುತ್ತೇನೆ.