ಬೇವಿನ ಮಡಿಯ ಜಗಳ

ಬಬಲೇಶ್ವರ
ಮೇ ತಿಂಗಳು, ಗುರುವಾರ ಮಧ್ಯಾಹ್ನ

ಯವ್ವಾ,

ಸಿಟ್ಟಿಗೆ ಸಸಿ ಕೊಂದೆ ಅಂತ ತಿಳಕೊಂಡೀಯೇನು? ನಾ ಕೊಂದಿಲ್ಲ. ನೀ ಬಾಯಿ ಬಿಟ್ಟು ಅಂದಿಲ್ಲ, ಖರೆ. ಆದ್ರ ನಿನ್ನೆ ನಿಡೋಣಿ ಲಗ್ನದಿಂದ ಬಂದಾಕಿ ಸೀದಾ ಫಾರೆಸ್ಟಿನವರ ನರ್ಸರಿಗೆ ಹೋದಿ, ಬಾಡಿದ ಬೇವಿನ ಸಸಿ ನೋಡಿದಿ, ಆಮ್ಯಾಲೆ ನನ್ನ ಮುಖ ನೋಡಿದಿ. ಮನಿಗೆ ಬಂದು ರೊಟ್ಟಿ ಬಡದಿಟ್ಟು ಗ್ವಾಡಿ ಕಡೆ ಮುಖ ಮಾಡಿ ಮಲಗಿದಿ. ಬೈದಿದ್ರ ಚಲೋ ಇತ್ತು. ತಿರುಗಿ ಬೈಯಾಕ ನನಗೂ ಬರತಿತ್ತು.

ತಂಗೆವ್ವಾ ಪೂನಮ, ಅವ್ವಗ ಇದನ್ನ ಓದಿ ಹೇಳುವಾಗ ನನ್ನ ಬಿರುಸು ಮಾತು ನುಂಗಬ್ಯಾಡ. ಇದ್ದಂಗ ಓದು.

ಹೋದ ವಾರ ನರ್ಸರಿಯಾಗ ದುಡಿಯೋ ಎಲ್ಲಾ ಹೆಣ್ಮಕ್ಕಳ ಮುಂದ ಅಂದಿ: "ಸಾಲಿ ಬಿಟ್ಟಾಂವಗ ಸಸಿ ಬಗ್ಗೆ ಏನ ತಿಳೀತೈತಿ? ಸುಮ್ನ ಪೈಪ ಹಿಡಿ ಸಾಕು." ಚಂದ್ರಕಲಾ ಅತ್ತಿ ಹಲ್ಲು ಕಿಸದ್ಲು. ಆ ಸಿಟ್ಟು ಇತ್ತು, ಇಲ್ಲ ಅನ್ನಂಗಿಲ್ಲ. ಆದ್ರ ಸಿಟ್ಟಿಗೆ ಮಾಡಿದ್ದಲ್ಲ.

ಬೇವು ಎದಿಮಟ ಬೆಳದಾವ ಅಂತ ಬಂದೋರಿಗೆಲ್ಲ ತೋರಸ್ತೀ. ಅವು ಪ್ಲಾಸ್ಟಿಕ್ ಚೀಲದಾಗಿನ ಮಣ್ಣಿಗೆ ಬೆಳದಿಲ್ಲ ಯವ್ವಾ. ತಳದ ತೂತಿನಾಗಿಂದ ಬೇರು ನೆಲಕ್ಕ ಇಳದಾವ. ಮಳಿಗಾಲದಾಗ ಕಿತ್ತು ಟ್ರ್ಯಾಕ್ಟರಿಗೆ ಏರಿಸಿದ್ರ ಬೇರು ಹರೀತಾವ, ಗುಡ್ಡದಾಗ ನೆಟ್ಟದ್ದೆಲ್ಲ ಸಾಯತೈತಿ. ಹೋದ ವರ್ಷ ಹಂಗ ಸತ್ವು, ನೀ ಗುಡ್ಡದ ಮಣ್ಣಿಗೆ ಬೈದಿ. ತಿಂಗಳಿಗೊಮ್ಮೆ ಚೀಲ ಎತ್ತಿ ಜಾಗಾ ಬದಲಿ ಮಾಡೂಣು ಅಂದ್ರ, "ಮಲಗಿದ ಕೂಸಿನ ತೊಟ್ಟಲಾ ಎತ್ತಾಡತಾರೇನು?" ಅಂದಿ.

ಅದಕ್ಕ ನೀ ಲಗ್ನಕ್ಕ ಹೋದಾಗ ನಾನೂ ನಮ್ಮ ಜೋಡಿ ದುಡಿಯೋ ಮಶಾಕಸಾಬನೂ ಕೂಡಿ ಸಾಲಿಟ್ಟ ಬೇವಿನ ಚೀಲದ ಇಡೀ ಮಡಿ ಎತ್ತಿದ್ವಿ, ಹೊರಗ ಜೋತ ಬೇರು ಕತ್ತರಿಸಿದ್ವಿ. ವಿಜಯಪುರದ ನರ್ಸರಿಯಾಗ ದುಡಿಯುವಾಗ ನೋಡಿದ ಕೆಲಸ ಅದು. ಇಲ್ಲಿತನಾ ಬರೋಬ್ಬರಿ. ಆಮ್ಯಾಲೆ ನಾ ನೆರಳಿನ ಪರದಿ ಸರಿಸಿಬಿಟ್ನಿ. ನೆಡೂ ಮುಂಚೆ ಸಸಿ ಬಿಸಲಿಗೆ ಒಗ್ಗಬೇಕು, ನೀರು ಕಡಿಮಿ ಕೊಡಬೇಕು ಅಂತ ಫಾರೆಸ್ಟ್ ಗಾರ್ಡ್ ಸಾಹೇಬ್ರು ಅಂದಿದ್ರಲ್ಲ. ಬೇರು ಕತ್ತರಿಸಿದ ದಿನಾನ ಹಂಗ ಮಾಡಬಾರದು ಅಂತ ಯಾರಂದ್ರು? ವಿಜಯಪುರದಾಗ ನಾ ಬರೇ ಚೀಲ ಹೊರತಿದ್ನಿ, ಮುಂದ ಏನ ಮಾಡತಿದ್ರೋ ನೋಡಿಲ್ಲ.

ಈಗ ಒಂದೂ ತಿಳೀವಲ್ದು. ಎಲಿ ಉದುರಾಕತ್ತಾವ. ಒಂದು ಸಸಿ ಉಗುರಿಲೆ ಗೀರಿದ್ನಿ, ಒಳಗ ಹಸರು ಐತಿ. ಬಾಜೂದ್ದು ಗೀರಿದ್ನಿ, ಒಣಗೇತಿ. ಪರದಿ ಮತ್ತ ಎಳದೀನಿ. ನೀರು ಹಾಕಿದ್ರ ಕೊಳೀತಾವೇನೋ, ಬಿಟ್ರ ಒಣಗತಾವೇನೋ. ಪೈಪ ಹಿಡಕೊಂಡು ಹುಚ್ಚನಂಗ ನಿಂತಿದ್ನಿ.

ಅದರ ಮ್ಯಾಲೆ ನೀನು. ಇವತ್ತ ಮುಂಜಾನೆ ಗಾರ್ಡ್ ಸಾಹೇಬ್ರು "ಯಾರು ಎತ್ತಿದ್ದು? ಅವರನ್ನ ಕೆಲಸದಿಂದ ತಗೀತೀನಿ" ಅಂದ್ರಂತ. "ನಾನ ಎತ್ತಿಸೀನ್ರಿ ಸಾಹೇಬ್ರ, ಹುಡುಗಗ ಏನೂ ಗೊತ್ತಿಲ್ರಿ" ಅಂದೀಯಂತ. ಮಶಾಕಸಾಬ ಹೇಳಿದ. ಯಾಕ ಬೇ? ನಾ ಕೊಂದೀನಿ ಅಂತ ನಂಬತೀ, ಮತ್ತ ನಿನ್ನ ಕುತ್ತಿಗಿ ನೀನ ಕೊಡತೀ. ಸಸಿ ಸತ್ರ ನಿನ್ನ ಕೆಲಸ ಹೋಗತೈತಿ. ಬದುಕಿದ್ರ ಪರಸವ್ವ ಎತ್ತಿಸಿದ್ಲು ಅಂತ ನಿನ್ನ ಹೆಸರ ಹೇಳತಾರ. ನನಗ ತಪ್ಪೂ ಉಳೀಲಿಲ್ಲ, ಮಾಡಿದ ಕೆಲಸದ ಹೆಸರೂ ಉಳೀಲಿಲ್ಲ. ನಿನಗ ಬೈಬೇಕೋ ಕಾಲು ಹಿಡೀಬೇಕೋ ಅದೂ ತಿಳೀವಲ್ದು.

ನೀ ಹಿತ್ತಲದಾಗ ಭಾಂಡಿ ತಿಕ್ಕಾಕತ್ತೀ. ಎದುರಿಗೆ ಬಂದ್ರ ಬಾಯಿಗೆ ಬೈಗಳ ಬಿಟ್ಟು ಬ್ಯಾರೆ ಬರಂಗಿಲ್ಲ, ಅದಕ್ಕ ಬರದು ರೊಟ್ಟಿ ಬುಟ್ಟಿ ಕೆಳಗ ಇಟ್ಟೀನಿ. ಗಾರ್ಡ್ ಸಾಹೇಬ್ರ ಕಡೆ ಹೊಂಟೀನಿ. ಎತ್ತಿದ್ದು ನಾನ, ಪರದಿ ಸರಿಸಿದ್ದೂ ನಾನ ಅಂತ ಹೇಳತೀನಿ. ಅಲ್ಲಿಂದ ಹಂಗ ಇಟ್ಟಂಗಿಹಾಳಕ್ಕ, ಗೆಳೆಯ ಸಾದಿಕನ ಹೊಲದಾಗ ಕೆಲಸಕ್ಕ. ಹುಡುಕಬ್ಯಾಡ.

ನಾ ಹೊರಬೀಳುವಾಗ ಕದ ಬಡದ ಸಪ್ಪಳ ಕೇಳಿದ್ರ ಗಾಳಿ ಅಂತ ತಿಳೀಬ್ಯಾಡ. ಅದು ನಾನ.

ನಿನ್ನ ಏನೂ ಗೊತ್ತಿಲ್ಲದ ಹುಡುಗ,
ಗೌತಮ

ತಾ.ಕ.: ನರ್ಸರಿ ಮೂಲ್ಯಾಗಿನ ಅರಳಿ ಸಸಿ, ನಾ ಸಾಲಿ ಬಿಟ್ಟ ವರ್ಷ ನನ್ನ ಹೆಸರಿಲೆ ನೀ ಹಾಕಿದ್ದು, ಅದರ ಬೇರು ಎಲ್ಲಾದಕ್ಕಿಂತ ಆಳಕ್ಕ ಇಳದೈತಿ. ಕತ್ತರಿ ಹಿಡಕೊಂಡು ಹೋಗಿದ್ನಿ, ಕೈ ಏಳಲಿಲ್ಲ. ಅದೊಂದ ಎತ್ತಿಲ್ಲ. ಸಂಜಿಗೆ ಅದಕ್ಕೂ ಒಂದು ತಂಬಗಿ ನೀರು ಹಾಕು.