ಹನ್ನೆರಡಕ್ಕೆ ಗೇಟಿನ ಹತ್ತಿರ

ಜುಲೈ 29

ಇವತ್ತು ನಾಲ್ಕು ಟ್ರಿಪ್. ನಾಲ್ಕೂ ಸಲ ಪ್ರವಾಸಿಗರಿಗೆ ಬಂಡೆ ತೋರಿಸಿ ಅದೇ ಪಾಠ. ಇದು ಕರಡಿ, ಇದು ಹದ್ದಿನ ಮೂಗು, ತಲೆ ಜೋಪಾನ, ಗೋಡೆ ಮುಟ್ಟಬೇಡಿ. ಕಮರಿಗೆ ಕಂಪನಿ ಇಟ್ಟ ಹೆಸರು 'ಬೆಳಕಿನ ಅರಮನೆ'. ನಮ್ಮ ಮನೆಯಲ್ಲಿ ಅದು 'ಆಡು ಬಿದ್ದ ಸೀಳು'. ಹಾಗಂದರೆ ಟಿಕೆಟ್ ಹೋಗುವುದಿಲ್ಲವಂತೆ. ಥೂ.

ಸಂಜೆ ಅಮ್ಮನ ಫೋನ್. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಚಳಿಗಾಲದೊಳಗೆ ದೃಷ್ಟಿ ಪೂರ್ತಿ ಹೋಗಬಹುದು ಅಂದರಂತೆ ಡಾಕ್ಟರು. ಅತ್ತಿದ್ದು ನಾನು. ಅವಳು ಅಳಲಿಲ್ಲ.

"ವರ್ನೀ, ಸೀಳಲ್ಲಿ ಬೆಳಕು ಇಳಿಯೋದನ್ನ ಒಂದ್ಸಲ ನೋಡ್ಬೇಕು ಕಣೇ. ಕುರಿ ಮೇಯಿಸ್ತಿದ್ದಾಗ ದಿನಾ ನೋಡ್ತಿದ್ದೆ. ಆಗ ಅದರ ಬೆಲೆ ಗೊತ್ತಾಗ್ಲಿಲ್ಲ."

ಆರು ವರ್ಷವಾಯಿತು ಅವಳು ಅಲ್ಲಿ ಕಾಲಿಟ್ಟು. ಅಲ್ಲಿ ಕುರಿ ಮೇಯಿಸುವ ಪರ್ಮಿಟ್ ಅಕ್ಕ ಅರ್ಲಿಂಡಾಳ ಹೆಸರಲ್ಲಿತ್ತು. ಯಾರನ್ನೂ ಕೇಳದೆ ಕಂಪನಿಯ ಕಾಗದಕ್ಕೆ ಸಹಿ ಹಾಕಿಬಿಟ್ಟಳು. ಬೇಲಿ ಬಂತು, ಗೇಟು ಬಂತು. ಅದೇ ಗೇಟಿನಲ್ಲಿ ನನಗೆ ಗೈಡ್ ಕೆಲಸವೂ ಬಂತು... ಅದನ್ನೂ ಬರೆಯಬೇಕಲ್ಲ. ಆವತ್ತಿನಿಂದ ಅಕ್ಕನ ಜೊತೆ ಮಾತಿಲ್ಲ. ತೀರಾ ಬೇಕಾದರೆ ಮೆಸೇಜ್.

ಆಗಸ್ಟ್ 1

ಮ್ಯಾನೇಜರ್ ಹ್ಯಾರಿಸನ್‌ನನ್ನು ಕೇಳಿದೆ. ಕುಲದ ಲೆಕ್ಕದಲ್ಲಿ ಸೋದರಮಾವನ ಮಗ. ಗೇಲಿ ಮಾಡುವುದು ಅವನ ಹಕ್ಕು, ತಿರುಗಿಸಿ ಕೊಡುವುದು ನನ್ನ ಹಕ್ಕು.

"ಅತ್ತೇನ ಕರ್ಕೊಂಡ್ಬರ್ತೀಯಾ? ನಿನ್ನ ಪಾಠ ಕೇಳಿ ಕೋಲು ತಗೊಂಡು ಬಾರಿಸ್ತಾರೆ."

"ಮೊದಲು ನಿನಗೆ ಬೀಳತ್ತೆ. ಯಾವತ್ತು ಅಂತ ಹೇಳೋ."

ಬೆರಳಿನ ಬದಲು ತುಟಿ ಮುಂದೆ ಮಾಡಿ ಗೋಡೆಯ ಕ್ಯಾಲೆಂಡರ್ ತೋರಿಸಿದ. "ಆರನೇ ತಾರೀಕು. ಒಂದು ಗುಂಪು ಬರಲ್ಲ ಅಂದಿದೆ. ಹನ್ನೊಂದರ ಟ್ರಿಪ್. ಹನ್ನೊಂದೂಮುಕ್ಕಾಲಿಗೆ ಮುಂದಿನವ್ರು ಬರ್ತಾರೆ, ಆಮೇಲೆ ನನ್ನ ಬೈಬೇಡ."

ಸಾಕು. ಮೇಲಿನ ಬಿರುಕಿನಿಂದ ಬೆಳಕು ಹನ್ನೊಂದೂಕಾಲಿಗೆ ಇಳಿಯುತ್ತದೆ, ಅರ್ಧ ಗಂಟೆ ಇರುತ್ತದೆ. ಅಮ್ಮನಿಗೆ ಏಣಿ ಆಗದು, ಕೆಳಗಿನ ಬಾಯಿಂದಲೇ ಒಳಗೆ. ಮಡಚುವ ಸ್ಟೂಲ್. ನೀರು. ಎಡಗೋಡೆಯ ಪಕ್ಕ ಕೂರಿಸಬೇಕು, ಅಲ್ಲಿಂದ ಪೂರ್ತಿ ಕಾಣುತ್ತದೆ.

ಆಗಸ್ಟ್ 3

ಈ ಸುಡುಗಾಡು ಗಡಿಯಾರಗಳು. ನಾನಿರುವ ಪೇಜ್ ಊರಲ್ಲಿ, ಈ ಕಮರಿಯಲ್ಲಿ, ಬೇಸಿಗೆಗೆ ಅಂತ ಗಡಿಯಾರ ಮುಂದೆ ತಿರುಗಿಸುವುದಿಲ್ಲ. ನಲವತ್ತು ಮೈಲಿ ಆಚೆ ಅಮ್ಮನ ಮನೆಯಲ್ಲಿ ನಮ್ಮ ನವಾಹೊ ಬುಡಕಟ್ಟಿನ ನಾಡಿನ ಲೆಕ್ಕ, ಬೇಸಿಗೆಯಲ್ಲಿ ಒಂದು ಗಂಟೆ ಮುಂದೆ. ಇಲ್ಲಿ ಹನ್ನೊಂದು ಅಂದರೆ ಅಲ್ಲಿ ಹನ್ನೆರಡು. ಅಮ್ಮ ಇರುವುದು ಅಕ್ಕನ ಜೊತೆ, ಗಾಡಿ ಓಡಿಸುವವಳೂ ಅವಳೇ. ಅವರ ಗಂಟೆಗೆ ಬದಲಾಯಿಸಿಯೇ ಮೆಸೇಜ್ ಹಾಕಿದೆ: 'ಆರಕ್ಕೆ ಅಮ್ಮನನ್ನು ಕರೆದುಕೊಂಡು ಬಾ. ಹನ್ನೆರಡಕ್ಕೆ ಗೇಟಿನ ಹತ್ತಿರ.'

ಹೆಚ್ಚಿಗೆ ಒಂದಕ್ಷರ ಬರೆಯಲು ಮನಸ್ಸಾಗಲಿಲ್ಲ. ಅವಳದೂ ಒಂದೇ ಪದ: 'ಸರಿ.'

ಆಗಸ್ಟ್ 6, ಸಂಜೆ 4

ಹನ್ನೊಂದಕ್ಕೆ ಬರಲಿಲ್ಲ. ಹನ್ನೊಂದೂಕಾಲಿಗೂ ಬರಲಿಲ್ಲ. ಗೇಟಿನ ಹತ್ತಿರ ಸಿಗ್ನಲ್ ಇಲ್ಲ. ಸ್ಟೂಲ್ ಹಿಡಿದುಕೊಂಡು ರಸ್ತೆ ನೋಡುತ್ತಾ ನಿಂತೆ. ಒಳಗೆ ಬೆಳಕು ಇಳಿಯಿತು. ನೋಡಲು ಯಾರೂ ಇಲ್ಲ. ಹನ್ನೊಂದೂಮುಕ್ಕಾಲಿಗೆ ಮುಂದಿನ ಗುಂಪು ಒಳಗೆ ಹೋಯಿತು.

ಸರಿಯಾಗಿ ಹನ್ನೆರಡಕ್ಕೆ ದೂಳೆಬ್ಬಿಸಿಕೊಂಡು ಅಕ್ಕನ ಪಿಕಪ್ ಬಂತು. ಅಮ್ಮ ವೆಲ್ವೆಟ್ ರವಿಕೆ ಹಾಕಿಕೊಂಡು, ಹಸಿರುನೀಲಿ ಕಲ್ಲಿನ ಸರ ಹಾಕಿಕೊಂಡು, ಮದುವೆ ಮನೆಗೆ ಬಂದ ಹಾಗೆ ಕೂತಿದ್ದಳು.

ಅಕ್ಕನನ್ನು ಗಾಡಿಯ ಹಿಂದಕ್ಕೆ ಎಳೆದುಕೊಂಡು ಹೋದೆ. ಆರು ವರ್ಷದ ಮೇಲೆ ಮೊದಲ ಮಾತು.

"ಎಲ್ಲಿ ಹಾಳಾಗಿ ಹೋಗಿದ್ದೆ?"

"ಹನ್ನೆರಡು ಅಂದ್ಯಲ್ಲೇ! ನೀನು ಪೇಜ್‌ನಲ್ಲಿರೋಳು, ಅಲ್ಲಿಯ ಟೈಮ್ ಹೇಳಿರ್ತೀಯ ಅಂತ ನಾನೇ ಒಂದು ಗಂಟೆ ಸೇರಿಸ್ಕೊಂಡೆ. ಮನೆ ಗಡಿಯಾರದಲ್ಲಿ ಒಂದಕ್ಕೆ ಸರಿಯಾಗಿ ಬಂದಿದೀನಿ."

"ನಾನು ಆಗ್ಲೇ ಸೇರಿಸಿದ್ದೆ!"

"ಹಾಗಂತ ಬರೆಯೋಕೆ ಏನಾಗಿತ್ತು ನಿನಗೆ?"

"ಕೇಳೋಕೆ ನಿನಗೇನಾಗಿತ್ತು?"

ಇಬ್ಬರಿಗೂ ಉತ್ತರ ಗೊತ್ತು.

ಕಿಟಕಿ ಏರಿಸಿತ್ತು, ಅಮ್ಮನಿಗೆ ಕೇಳಿಸಿರಲಿಲ್ಲ. ಬಾಗಿಲು ತೆಗೆದು "ಬೆಳಕು ಹೋಯ್ತಮ್ಮ, ತಡ ಆಯ್ತು" ಅಂದೆ. ಅಷ್ಟೇ ಅಂದೆ. ಅವಳು ಅಕ್ಕನ ಕಡೆ ತಿರುಗಿದಳು.

"ಆವತ್ತು ಸೀಳನ್ನ ಕೊಟ್ಟೆ. ಇವತ್ತು ಅದರ ಬೆಳಕನ್ನೂ ತಿಂದ್ಯಾ?"

ಅಕ್ಕ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ನಿಜ ಹೇಳಬೇಕೆಂದರೆ, ಆ ಕ್ಷಣ ಖುಷಿಯೇ ಆಯಿತು.

ಮುಂದಿನ ಗುರುವಾರ ಹೇಗಾದರೂ ತೂರಿಸುತ್ತೇನೆ ಅಂದಿದ್ದಾನೆ ಹ್ಯಾರಿಸನ್.

ಆಗಸ್ಟ್ 11

ಮಳೆ ಬಿದ್ದದ್ದು ಎಲ್ಲೋ ಮೇಲೆ, ಇಲ್ಲಿ ಸುಡುಬಿಸಿಲು. ಸೈರನ್ ಆಯಿತು, ಎಲ್ಲರನ್ನೂ ಹೊರಗೆ ಓಡಿಸಿದೆವು. ಇಪ್ಪತ್ತು ನಿಮಿಷಕ್ಕೆ ಕಮರಿಯ ತುಂಬ ಕೆಂಪು ನೀರು, ಮರದ ದಿಮ್ಮಿ. ಜೀವಕ್ಕೇನೂ ಆಗಲಿಲ್ಲ. ಒಳಗೆ ಆಳೆತ್ತರ ಮರಳು ತುಂಬಿದೆ. ತೆಗೆಯಲು ಎರಡು ತಿಂಗಳಾದರೂ ಬೇಕಂತೆ.

ಗುರುವಾರವೂ ಹೋಯಿತು.

ಸೆಪ್ಟೆಂಬರ್ 23

ಅಕ್ಕನ ಮೆಸೇಜ್. ಈ ಸಲ ಉದ್ದಕ್ಕಿದೆ. ಅಮ್ಮನ ಎಡಗಣ್ಣೊಳಗೆ ರಕ್ತ ಒಸರಿದೆ. ಬಲಗಣ್ಣು ಮೊದಲೇ ಹೋಗಿತ್ತು. ಬೆಳಗ್ಗೆ ಎದ್ದು, ದೀಪ ಯಾಕೆ ಹಚ್ಚಿಲ್ಲ ಅಂತ ಕೇಳಿದಳಂತೆ.

ಅಕ್ಟೋಬರ್ 9

ಅಮ್ಮ ಫೋನಿನಲ್ಲಿ: "ಅರ್ಲಿಂಡಾ ಆವತ್ತು ಹಾಗೆ ಮಾಡಬಾರದಿತ್ತು."

"ಹೂಂ" ಅಂದೆ.

ಹೂಂ ಅಂದೆನಲ್ಲ! ನನ್ನಂಥ ಪಾಪಿ ಬೇರೆ ಇಲ್ಲ. ಅಮ್ಮನಿಗೆ ಊಟ ಹಾಕಿ, ಇನ್ಸುಲಿನ್ ಚುಚ್ಚಿ, ಬೈಗುಳವನ್ನೂ ತಿನ್ನುತ್ತಿರುವವಳು ಅವಳು. ನಾನು ಇಲ್ಲಿ ಕೂತು ಒಳ್ಳೆಯ ಮಗಳು.

ನವೆಂಬರ್ 15

ಕಮರಿ ತೆರೆದಿದೆ. ಚಳಿಗಾಲಕ್ಕೆ ಅಮ್ಮನ ಮನೆಯ ಗಡಿಯಾರ ಹಿಂದಕ್ಕೆ ತಿರುಗಿಸಿದ್ದಾಯಿತು, ಈಗ ಎರಡೂ ಕಡೆ ಒಂದೇ ಗಂಟೆ. ತಪ್ಪುವ ಹಾಗೇ ಇಲ್ಲ. ಬೆಳಕು ಮಾತ್ರ ಇನ್ನು ಮಾರ್ಚ್‌ವರೆಗೆ ಇಳಿಯುವುದಿಲ್ಲ, ಸೂರ್ಯ ತೀರಾ ಓರೆ.

ಅಮ್ಮನಿಗೆ ಅದು ಗೊತ್ತಿಲ್ಲ. ಅವಳ ಕಾಲದಲ್ಲಿ ಚಳಿಗೆ ಮುಂಚೆಯೇ ಕುರಿಗಳನ್ನು ಬೇರೆ ಕಡೆಗೆ ಹೊಡೆದುಕೊಂಡು ಹೋಗುತ್ತಿದ್ದರು. "ಕಣ್ಣು ಹೋದ್ರೆ ಚರ್ಮ ಇಲ್ವಾ? ಕೈ ಒಡ್ಡಿ ನಿಲ್ತೀನಿ, ಬಿಸಿ ತಾಕಿದ್ರೆ ಸಾಕು" ಅಂತ ವಾರದಿಂದ ಹಟ. ಆಗದು ಅನ್ನುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಹ್ಯಾರಿಸನ್ ತಾನೇ ಗೇಟು ತೆಗೆದ. ಗೇಲಿ ಮಾಡಲಿಲ್ಲ.

ಒಂದು ಕೈ ಅಕ್ಕ ಹಿಡಿದಳು, ಒಂದು ನಾನು. ಸೀಳಿನ ಬಾಯಲ್ಲಿ ನಿಂತು ಅಮ್ಮ ಏನೋ ಪಿಸುಗುಟ್ಟಿದಳು, ಒಳಗೆ ಬರಲೇ ಅಂತ ಕಮರಿಯನ್ನೇ ಕೇಳಿಕೊಂಡಳು. ಆಮೇಲೆ ಗೋಡೆ ಸವರುತ್ತಾ ನಡೆದಳು. ಒಳಗೆ ಹಿಮದಂಥ ಚಳಿ. ಎಡಗೋಡೆಯ ಪಕ್ಕ ಸ್ಟೂಲ್ ಹಾಕಿ ಕೂರಿಸಿದೆ. ಅಂಗೈ ಮೇಲೆ ಮಾಡಿ ಕೈ ಚಾಚಿದಳು.

ಹನ್ನೊಂದೂಕಾಲು.

"ಬಂತಾ?"

"ಬಂತಮ್ಮ," ಅಂದಳು ಅಕ್ಕ.

"ಏನೂ ತಾಕ್ತಿಲ್ವಲ್ಲೇ. ನಿನ್ನ ಮಾತು ಯಾವತ್ತು ನಿಜ ಆಗಿತ್ತು! ವರ್ನೀ, ನೀನು ಹೇಳು. ನೀನು ನನಗೆ ಸುಳ್ಳು ಹೇಳಿದವಳಲ್ಲ."

ಅಕ್ಕ ನನ್ನ ಕಡೆ ನೋಡಿದಳು. ಎಲ್ಲ ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ಅವಳು ಬೇಡ ಅಂತ ತಲೆಯಾಡಿಸಿದಳು.

"ಬಂದಿದೆ ಅಮ್ಮಾ," ಅಂದೆ. "ನಿನ್ನ ಕೈ ಮೇಲೇ ಇದೆ."

ಅಮ್ಮನ ಮುಖ ಅರಳಿತು. "ಹಾಂ... ಹೌದು ಕಣೇ. ಈಗ ತಾಕ್ತಾ ಇದೆ" ಅಂದಳು. ಬೆರಳುಗಳು ಚಳಿಗೆ ನಡುಗುತ್ತಿದ್ದವು. ಅಕ್ಕ ಆಚೆ ತಿರುಗಿ ನಿಂತಳು. ನಾನು ಅವಳ ಕೈ ಹಿಡಿದುಕೊಂಡೆ, ಅವಳು ಬಿಡಿಸಿಕೊಳ್ಳಲಿಲ್ಲ.