ಮೂವತ್ತೇಳನೆಯ ಪ್ರಶ್ನೆಯ ಐದನೆಯ ವಾಕ್ಯ

ಗದಗ, ಎರಡು ಸಾವಿರದ ಇನ್ನೂರ ಹತ್ತೊಂಬತ್ತು, ಫೆಬ್ರವರಿ ಮೂವತ್ತು

ಡಾಕ್ಟರ್,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಿಮ್ಮ ಫೆಬ್ರವರಿಗೆ ಇಲ್ಲದ ಎರಡು ದಿನ ನಮ್ಮದಕ್ಕೆ ಇವೆ. ಜುಲೈ ಮತ್ತು ಆಗಸ್ಟಿನಿಂದ ಒಂದೊಂದು ಕಿತ್ತು ಇದಕ್ಕೆ ಕೊಟ್ಟಿದ್ದಾರೆ. ನನ್ನ ಮಾತೂ ನಿಮಗೆ ಹಾಗೆಯೇ, ಎಲ್ಲಿಂದಲೋ ಕಿತ್ತು ತಂದು ಜೋಡಿಸಿದಂತೆ ಕೇಳಿಸಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಕಲಿತದ್ದು ಆಗ ಹಿಮದ ನಾಡುಗಳ ಭಾಷೆಯಿಂದ ಅನುವಾದಗೊಂಡಿದ್ದ ಕಾದಂಬರಿಗಳನ್ನು ಓದಿ. ಗದಗಿನವಳಾಗಿ ಹಿಮದ ಊರಿನ ಗುಮಾಸ್ತೆಯ ಹಾಗೆ ಬರೆಯುತ್ತೀ ಎಂದು ಗೆಳೆಯರು ನಗುತ್ತಾರೆ.

ನನ್ನ ಹೆಸರು ನೀಲಗಂಗಾ ಮುಳಗುಂದ. ಅರಿವಳಿಕೆ ವೈದ್ಯೆಯಾಗಲು ಕಲಿಯುತ್ತಿದ್ದೇನೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಕೈಬರಹ ಗೊತ್ತು, ಮತ್ತು ಒಂದು ಸಂಜೆ ನೀವು ಎಲ್ಲಿ ಕೂತಿರುತ್ತೀರಿ ಎಂಬುದು ಗೊತ್ತು. ಆ ಸಂಜೆಗಾಗಿಯೇ ಈ ಕಾಗದ. ನಮ್ಮಲ್ಲಿ ಹಿಂದಂಚೆ ಎಂಬ ವ್ಯವಸ್ಥೆ ಇದೆ: ಕಳೆದುಹೋದ ಒಂದು ದಿನಕ್ಕೆ ಕಾಗದ ಕಳಿಸಬಹುದು, ಆದರೆ ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ. ಹೆಚ್ಚಿನವರು ಆ ಒಂದನ್ನು ಮುಪ್ಪಿನವರೆಗೆ ಕಾದಿಟ್ಟುಕೊಳ್ಳುತ್ತಾರೆ. ಅಂಚೆಕಟ್ಟೆಯ ಹೆಂಗಸು ನಾನು ಬರೆದ ವಿಳಾಸ ಓದಿ ಕನ್ನಡಕ ತೆಗೆದಳು. “ಎಲ್ಲಾರೂ ಸತ್ತ ಅವ್ವಗ ಬರೀತಾರ. ನಿಮಗ ಅವ್ವ ಇಲ್ಲೇನ್ರಿ?” ಎಂದಳು. ಇದ್ದಳು. ಅವಳಿಗೆ ಇನ್ನು ಬರೆಯುವಂತಿಲ್ಲ. ಇದನ್ನು ನಿಮ್ಮ ಮೇಲೆ ಋಣ ಹೊರಿಸಲು ಹೇಳುತ್ತಿಲ್ಲ. ಕಾಗದವನ್ನು ಅರ್ಧಕ್ಕೆ ಮಡಚಿಡಬಾರದು ಎಂದು ಹೇಳುತ್ತಿದ್ದೇನೆ.

ನಮ್ಮ ಆಸ್ಪತ್ರೆಯಲ್ಲಿ ಹನ್ನೊಂದು ಶಸ್ತ್ರಕೋಣೆಗಳಿವೆ. ಕಪ್ಪತಗುಡ್ಡದ ಗಾಳಿಚಕ್ರಗಳು ತಿರುಗುವ ದಿನ ಹನ್ನೊಂದೂ ನಡೆಯುತ್ತವೆ, ಗಾಳಿ ಬಿದ್ದ ದಿನ ಮೂರು. ರೋಗಿಗೆ ನಿದ್ದೆ ಬರಿಸುವುದು, ಉಸಿರು ನಡೆಸುವುದು, ಎಬ್ಬಿಸುವುದು ಎಲ್ಲವನ್ನೂ ಗಾವಲು ಮಾಡುತ್ತದೆ. ಗಾವಲು ಎಂದರೆ ತಲೆದಿಂಬಿನ ಬಳಿ ನಿಲ್ಲುವ, ಎದೆಯೆತ್ತರದ ಯಂತ್ರ. ಆದರೆ ತನ್ನ ಲೆಕ್ಕಕ್ಕೂ ತಾನು ಕಾಣುತ್ತಿರುವುದಕ್ಕೂ ತಾಳೆಯಾಗದಿದ್ದರೆ ಅದು ಹಿಂದೆ ಸರಿದು ಮನುಷ್ಯರನ್ನು ಕರೆಯುತ್ತದೆ. ಆಗ ಮುಟ್ಟಲು ಕೈಪರವಾನಗಿ ಬೇಕು, ಕೈಪರವಾನಗಿಗೆ ಯುರೋಪಿನ ಆ ಡಿಪ್ಲೊಮಾ ಬೇಕು. ನೀವು ಬರೆದ ಅದೇ ಪರೀಕ್ಷೆ: ಅರಿವಳಿಕೆ ಮತ್ತು ತೀವ್ರ ನಿಗಾ, ಒಂದು ಪತ್ರಿಕೆಗೆ ಅರವತ್ತು ಪ್ರಶ್ನೆ, ಪ್ರಶ್ನೆಗೆ ಐದು ವಾಕ್ಯ, ಒಂದೊಂದಕ್ಕೂ ಸರಿ ಅಥವಾ ತಪ್ಪು. ಎಲ್ಲವೂ ಬದಲಾಗಿ ಇದೊಂದು ಬದಲಾಗದೆ ಉಳಿಯಿತು. ಯಾಕೆಂದು ಕೇಳಿದರೆ ಹಿರಿಯರು ಮಾತು ತಿರುಗಿಸುತ್ತಾರೆ.

ನಾವು ಓದುವ ರೀತಿ ನಿಮಗೆ ವಿಚಿತ್ರವೆನಿಸದು ಎಂದುಕೊಳ್ಳುತ್ತೇನೆ. ಇಬ್ಬರು ಎದುರುಬದುರು ಕೂತು, ನಡುವೆ ಒಂದು ತಟ್ಟೆಯಲ್ಲಿ ಶೇಂಗಾ, ಇನ್ನೊಂದರಲ್ಲಿ ಹುರಿದ ಕಡಲೆಯ ಪುಟಾಣಿ ಇಟ್ಟುಕೊಳ್ಳುತ್ತೇವೆ. ಒಬ್ಬರು ವಾಕ್ಯ ಓದಬೇಕು. ಸರಿ ಎನಿಸಿದರೆ ಇನ್ನೊಬ್ಬರು ಶೇಂಗಾ ಎತ್ತಬೇಕು, ತಪ್ಪೆನಿಸಿದರೆ ಪುಟಾಣಿ. ಉತ್ತರ ಸರಿಯಿದ್ದರೆ ತಿನ್ನಬಹುದು, ಇಲ್ಲದಿದ್ದರೆ ವಾಪಸ್ಸು ಹಾಕಬೇಕು. ನನ್ನ ಜೊತೆಗಾರ ರೇಚಣ್ಣ, ನನಗಿಂತ ಒಂದು ವರ್ಷ ಮುಂದಿದ್ದವನು, ತನ್ನ ಪರೀಕ್ಷೆಗೆ ಮುಂಚಿನ ಒಂದು ಚಳಿಗಾಲದಲ್ಲಿ ದಪ್ಪಗಾದ. ನಾನು ಆಗಲಿಲ್ಲ.

ನಾವು ಓದುತ್ತಿದ್ದುದು ಪುಸ್ತಕವನ್ನಲ್ಲ, ಕಣಜವನ್ನು. ಪರೀಕ್ಷೆ ಬರೆದು ಹೊರಬಂದವರು ನೆನಪಿನಿಂದ ಬರೆದಿಟ್ಟ ಪ್ರಶ್ನೆಗಳು ಮತ್ತು ಉತ್ತರಗಳು ತಲೆಮಾರುಗಳಿಂದ ಒಂದರ ಮೇಲೊಂದು ಬಿದ್ದು ಆದ ರಾಶಿಗೆ ನಾವು ಹಾಗೆನ್ನುತ್ತೇವೆ. ಪುಸ್ತಕ ಓದಿದವರು ಬುದ್ಧಿವಂತರು, ಕಣಜ ಓದಿದವರು ಪಾಸು ಎಂಬ ಮಾತಿದೆ. ಇದರಲ್ಲಿ ಒಂದು ದೋಷವಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಫಲಿತಾಂಶದಲ್ಲಿ ಬರುವುದು ಒಟ್ಟು ಅಂಕ ಮಾತ್ರ. ಯಾವ ವಾಕ್ಯ ಎಡವಿತು ಎಂದು ಅಲ್ಲಿ ಇರುವುದಿಲ್ಲ. ಹಾಗಾಗಿ ಪಾಸಾದ ಪ್ರತಿಯೊಬ್ಬರೂ ತಮ್ಮ ಎಲ್ಲ ಉತ್ತರವೂ ಸರಿಯಿತ್ತೆಂದು ನಂಬಿ, ಹಾಗೆಯೇ ಕೆಳಗಿನವರಿಗೆ ದಾಟಿಸುತ್ತಾರೆ.

ಮೂವತ್ತೇಳನೆಯ ಪ್ರಶ್ನೆ ಗೋಡೆಯ ಪೈಪಿನಿಂದ ಬರುವ ಆಮ್ಲಜನಕದ ಬಗ್ಗೆ. ಅದರ ಐದನೆಯ ವಾಕ್ಯ ಕಣಜದಲ್ಲಿ ಹೀಗಿದೆ: ಪೈಪಿನಲ್ಲಿ ಬೇರೆ ಅನಿಲ ಬರುತ್ತಿದೆ ಎಂಬ ಅನುಮಾನ ಬಂದಾಗ ಆಮ್ಲಜನಕದ ಸಿಲಿಂಡರ್ ತೆರೆದರೆ ಸಾಕು. ಉತ್ತರ: ಸರಿ.

ರೇಚಣ್ಣನಿಗೆ ನಾನೇ ಇದನ್ನು ಓದಿದ್ದು. ಅವನು ಶೇಂಗಾ ಎತ್ತಿದ, ತಿಂದ. ನಾನು ತಡೆದೆ. ಪೈಪಿನ ಒತ್ತಡ ಸಿಲಿಂಡರಿನಿಂದ ಬರುವ ಒತ್ತಡಕ್ಕಿಂತ ಹೆಚ್ಚಲ್ಲವೇ, ಪೈಪನ್ನು ಕಳಚದಿದ್ದರೆ ಯಂತ್ರ ಪೈಪಿನದನ್ನೇ ಎಳೆದುಕೊಳ್ಳುತ್ತದಲ್ಲವೇ ಎಂದೆ. ಅವನು ಎರಡನೆಯ ಶೇಂಗಾ ಬಾಯಿಗೆ ಹಾಕಿಕೊಂಡು, “ಇನ್ನೂರು ವರ್ಷದ ಮಂದಿ ಇದನ್ನ ಓದಿ ಪಾಸಾಗ್ಯಾರ. ಅವರೆಲ್ಲಾ ದಡ್ಡರು, ನೀ ಒಬ್ಬಾಕಿ ಶಾಣ್ಯಾಕಿ ಏನ?” ಎಂದ. ನನ್ನ ಹಾಳೆಯಲ್ಲಿ ತಪ್ಪು ಎಂಬುದಕ್ಕೆ ‘ತ’ ಎಂದು ಬರೆದುಕೊಂಡಿದ್ದೆ. ಹೊಡೆದು ‘ಸ’ ಮಾಡಿದೆ.

ರೇಚಣ್ಣ ಪಾಸಾದ. ಕೈಪರವಾನಗಿ ಬಂತು. ಡಿಸೆಂಬರಿನಲ್ಲಿ ನಾಲ್ಕನೆಯ ಶಸ್ತ್ರಕೋಣೆಯ ಪೈಪು ರಿಪೇರಿಯಾಯಿತು. ಎರಡು ಕೊಳವೆಗಳು ಅದಲುಬದಲಾದದ್ದು ಆಮೇಲೆ ಗೊತ್ತಾಯಿತು. ಮರುದಿನದ ಮೊದಲ ರೋಗಿ ಬೆಟಗೇರಿಯ ನೇಕಾರಳು, ಹನುಮವ್ವ, ಅರವತ್ತೊಂದು ವರ್ಷ, ಸೊಂಟದ ಕೀಲು. ಹಿಂದಿನ ಸಂಜೆ ನಾನು ಅವಳನ್ನು ಪರೀಕ್ಷಿಸಲು ಹೋದಾಗ ಹಾಸಿಗೆಯ ಅಂಚಿನಿಂದ ಎರಡೆಳೆ ನೂಲು ಕಿತ್ತು, ನೋಡದೆಯೇ ಗಂಟು ಹಾಕುತ್ತ ಮಾತಾಡುತ್ತಿದ್ದಳು. ಹರಿದ ಎಳೆ ಜೋಡಿಸುವ ನೇಕಾರರ ಗಂಟು ಅದು, ಕಣ್ಣಿಗೆ ಬೀಳದಷ್ಟು ಸಣ್ಣದು. “ಮಷೀನ ನಿದ್ದಿ ಹಚ್ಚತೈತಿ ಅಂತೀರಿ. ಹಂಗಾರ ನೀವ್ಯಾಕ ಬೇಕ ಯವ್ವಾ? ಜೋಗುಳ ಹಾಡಾಕೇನ?” ಎಂದಳು. ನಗು ಬಂತು.

ಬೆಳಿಗ್ಗೆ ಒಂಬತ್ತೂವರೆಗೆ ಅವಳ ರಕ್ತದ ಆಮ್ಲಜನಕ ಇಳಿಯತೊಡಗಿತು. ಗಾವಲು ಹಿಂದೆ ಸರಿದು ಕರೆಯಿತು. ರೇಚಣ್ಣ ಒಂದು ಕ್ಷಣವೂ ತಡಮಾಡಲಿಲ್ಲ, ಅದನ್ನು ನಾನು ಹೇಳಲೇಬೇಕು. ಸಿಲಿಂಡರ್ ತೆರೆದ. ತೆರೆದು, ಸಂಖ್ಯೆ ಏರಲೆಂದು ಕಾದ. ಏರಲಿಲ್ಲ. ಸಿಲಿಂಡರ್ ಖಾಲಿ ಇರಬೇಕೆಂದು ಇನ್ನೊಂದು ತರಿಸಿದ. ನಾನು ಗೋಡೆಗೆ ಒರಗಿ ನಿಂತಿದ್ದೆ. ಪರವಾನಗಿ ಇಲ್ಲದವರು ಅಲ್ಲೇ ನಿಲ್ಲಬೇಕು. ಪೈಪನ್ನು ಕಳಚಿ ಎಂಬ ವಾಕ್ಯ ನನ್ನ ಬಾಯಲ್ಲಿತ್ತು. ಯಂತ್ರಗಳನ್ನು ಒರೆಸಿ ಜೋಡಿಸುವ ಫಕೀರವ್ವ, ಯಾವ ಪರೀಕ್ಷೆಯನ್ನೂ ಬರೆಯದವಳು, “ಪೈಪ್ ಕೀಳ್ರಿ ಸರ. ಮ್ಯಾಲಿನ ಟಾಕಿ ನೀರು ಬರೂತನಕ ಕೆಳಗಿನ ಕೊಡದ್ದು ಎಲ್ಲಿ ಬರ್ತೈತ್ರಿ?” ಎಂದಳು. ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ, ತಾನೇ ಹೋಗಿ ಕಿತ್ತಳು. ಅಷ್ಟರಲ್ಲಿ ಏಳು ನಿಮಿಷ ಕಳೆದಿತ್ತು.

ಹನುಮವ್ವ ಬದುಕಿದ್ದಾಳೆ. ಊಟ ಮಾಡುತ್ತಾಳೆ, ಕಿಟಕಿ ನೋಡುತ್ತಾಳೆ. ಮಗಳನ್ನು ಗುರುತಿಲ್ಲದವರ ಹಾಗೆ ‘ಅಕ್ಕಾರ’ ಎಂದು ಕರೆಯುತ್ತಾಳೆ, ನನ್ನನ್ನೂ ಹಾಗೆಯೇ. ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ರೇಚಣ್ಣ ಕಲಿತದ್ದನ್ನು ಕಲಿತ ಹಾಗೆ ಮಾಡಿದ್ದರಿಂದ ಅವನ ಮೇಲೆ ತಪ್ಪು ಹೊರಿಸಲಿಲ್ಲ. ಪರವಾನಗಿಯಿಲ್ಲದೆ ಕೈಹಾಕಿದ್ದಕ್ಕೆ ಫಕೀರವ್ವನನ್ನು ಶಸ್ತ್ರಕೋಣೆಗಳಿಂದ ತೆಗೆದು ಬಟ್ಟೆ ಒಗೆಯುವ ಕಡೆ ಹಾಕಿದರು.

ಆಮೇಲೆ ನಾನು ಪುಸ್ತಕ ತೆರೆದೆ. ಪೈಪನ್ನು ಕಳಚಲೇಬೇಕೆಂದು ನಿಮ್ಮ ಕಾಲದ ಪುಸ್ತಕದಲ್ಲೇ ಇದೆ. ಹಾಗಾದರೆ ಕಣಜಕ್ಕೆ ‘ಸರಿ’ ಬಂದದ್ದು ಎಲ್ಲಿಂದ? ನಕಲಿನ ಹಿಂದಿನ ನಕಲು ಹುಡುಕುತ್ತ ಏಳು ವಾರ ಕಳೆದೆ. ಕೊನೆಗೆ ಸಿಕ್ಕಿದ್ದು ಒಂದು ನೋಟುಪುಸ್ತಕದ ಪುಟದ ಚಿತ್ರ. ಐದು ಕೈಬರಹ. ಮೇಲುಗಡೆ ತಾರೀಖು, ಕೂತ ಜಾಗ, ಅದರ ಕೆಳಗೆ ‘ಟೀ ಬರೋ ಮುಂಚೆ ಮುಗಿಸೋಣ’ ಎಂದು ಯಾರೋ ಗೀಚಿದ್ದಾರೆ. ನೀವು ಐವರು ಪರೀಕ್ಷೆಗೆ ಮುಂಚೆಯೇ ಪ್ರತಿ ಪತ್ರಿಕೆಯಲ್ಲಿ ತಲಾ ಹನ್ನೆರಡು ಪ್ರಶ್ನೆ ನೆನಪಿಟ್ಟುಕೊಳ್ಳುವುದೆಂದು ಹಂಚಿಕೊಂಡಿದ್ದಿರಿ. ನಾಲ್ಕನೆಯ ಕೈಬರಹ ನಿಮ್ಮದು, ಮೂವತ್ತೇಳರಿಂದ ನಲವತ್ತೆಂಟು. ಹೆಸರುಗಳಿಲ್ಲ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಬರೆದುಕೊಟ್ಟು ಪರೀಕ್ಷೆಗೆ ಕೂತವರು ಹೆಸರು ಹಾಕುವುದಿಲ್ಲ. ನನ್ನ ಮೊದಲ ಅನುಮಾನ ಹುಟ್ಟಿದ್ದು ಅಲ್ಲಿ.

ಪುಟವನ್ನು ಹಿಗ್ಗಿಸಿ ನೋಡಿದೆ. ಐದನೆಯ ವಾಕ್ಯದ ಮುಂದೆ ಮೊದಲು ‘ತ’ ಇತ್ತು. ಅದರ ಮೇಲೆ ಲೋಟದ ಅಡಿಯ ಟೀ ಕಲೆಯ ಅರ್ಧಚಂದ್ರ. ‘ತ’ದ ಶಾಯಿ ಅದರಲ್ಲಿ ಕದಡಿದೆ. ‘ಸ’ ಕದಡಿಲ್ಲ, ಒಣಗಿದ ಕಲೆಯ ಮೇಲೆ ಕೂತಿದೆ. ಎಂದರೆ ಟೀ ಬರುವ ಮುಂಚೆ ನಿಮಗೆ ಸರಿಯಾದ ಉತ್ತರ ಗೊತ್ತಿತ್ತು. ಟೀ ಆದ ಮೇಲೆ ನೀವು ಅದನ್ನು ಹೊಡೆದಿರಿ.

ನಾನು ನಿಮ್ಮನ್ನು ಏನೆಲ್ಲ ಅಂದುಕೊಂಡೆ ಎಂದು ಮುಚ್ಚಿಡುವುದಿಲ್ಲ. ಬೇಕೆಂದೇ ಮಾಡಿದಿರಿ ಎಂದುಕೊಂಡೆ. ಮುಂದಿನ ವರ್ಷ ಇದೇ ಪುಟ ಓದಿ ಬರೆಯಲಿರುವ ಯಾರೋ ನಿಮಗಾಗದವರಿದ್ದರು, ಅವರ ಒಂದು ಅಂಕ ಕಿತ್ತಿರಿ ಎಂದುಕೊಂಡೆ. ಅದಕ್ಕೆ ಪುರಾವೆಗಾಗಿ ಆ ಪುಟದಲ್ಲಿದ್ದ ನಿಮ್ಮ ಉಳಿದ ಹನ್ನೊಂದು ಪ್ರಶ್ನೆಗಳ ಐವತ್ತೈದು ವಾಕ್ಯಗಳನ್ನೂ ಪರಿಶೀಲಿಸಿದೆ. ಎಲ್ಲವೂ ಸರಿಯಿದ್ದವು. ಆಗ ಅನುಮಾನ ಇಳಿಯಬೇಕಿತ್ತು, ಏರಿತು. ಒಂದೇ ಒಂದು ಕಡೆ ಎಡವುವ ಕೈಯನ್ನು ನಂಬುವುದು ಕಷ್ಟ.

ಕಳೆದ ವಾರವಷ್ಟೇ, ಪುಟದ ಅಂಚಿನಲ್ಲಿ ನಾನು ಕೊಳೆಯೆಂದು ಬಿಟ್ಟಿದ್ದ ಗುರುತನ್ನು ಹಿಗ್ಗಿಸಿದೆ. ಬೇರೆ ಶಾಯಿ, ಬೇರೆ ಕೈ. ‘ಖಾತ್ರಿನಾ?’ ಎಂದು ಬರೆದಿದೆ, ನಿಮ್ಮ ‘ತ’ದ ಪಕ್ಕಕ್ಕೆ ಒಂದು ಬಾಣ. ಅಷ್ಟೇ. ಯಾರೂ ನಿಮಗೆ ತಪ್ಪು ಹೇಳಿಕೊಟ್ಟಿರಲಿಲ್ಲ. ಯಾರೋ ಕೇಳಿದರು, ನೀವು ಹಿಂಜರಿದಿರಿ.

ಅದನ್ನು ಓದಿದ ಮೇಲೆ ನನ್ನ ಹಳೆಯ ಹಾಳೆ ಹುಡುಕಿ ತೆಗೆದು ನಿಮ್ಮ ಪುಟದ ಪಕ್ಕದಲ್ಲಿಟ್ಟೆ. ‘ತ’ವನ್ನು ಹೊಡೆದ ಗೆರೆ ಎರಡರಲ್ಲೂ ಒಂದೇ ರೀತಿ ಇದೆ, ಎಡದಿಂದ ಬಲಕ್ಕೆ, ಅವಸರದ್ದು. ಇಷ್ಟು ದಿನ ಆ ಗೆರೆ ಎಳೆದ ಕೈಯನ್ನು ಇನ್ನೂರು ವರ್ಷ ಹಿಂದಕ್ಕೆ ಹುಡುಕುತ್ತಿದ್ದೆ. ನಾನು ನಿಮಗಿಂತ ಒಂದು ಹೆಜ್ಜೆ ಮುಂದೆ ಹೋದವಳು: ನೀವು ಹಾಳೆಯ ಮೇಲೆ ಸುಮ್ಮನಾದಿರಿ, ನಾನು ಹನುಮವ್ವನ ತಲೆದಿಂಬಿನಿಂದ ನಾಲ್ಕಡಿ ದೂರದಲ್ಲಿ ಸುಮ್ಮನಾದೆ. ನಿಮ್ಮ ಮೇಲಿನ ಅನುಮಾನ ಪೂರ್ತಿ ಹೋಗಿದೆ ಎಂದು ಹೇಳಲಾರೆ. ಅದು ಈಗ ನಮ್ಮಿಬ್ಬರ ಮೇಲೂ ಇದೆ.

ನನ್ನ ಪರೀಕ್ಷೆ ಇನ್ನು ಒಂಬತ್ತು ದಿನಕ್ಕೆ. ಕಣಜದಲ್ಲಿ ಆ ಉತ್ತರ ತಿದ್ದಿ ಹಾಕಿದೆ. ಮರುದಿನ ಯಾರೋ ಮತ್ತೆ ‘ಸರಿ’ ಮಾಡಿದ್ದರು. ಮತ್ತೆ ತಿದ್ದಿದೆ. ಮತ್ತೆ ಮಾಡಿದರು. ರೇಚಣ್ಣನನ್ನು ಕೇಳಿದೆ. “ನಾ ಅಲ್ಲ,” ಎಂದ, ಮುಖ ನೋಡದೆ. ಇಷ್ಟು ಜನ ನಂಬಿದ್ದನ್ನು ಈ ಕಡೆಯಿಂದ ಕೀಳಲು ಆಗುವುದಿಲ್ಲ. ಆ ಕಡೆಯಿಂದ, ನೆಡುವ ಮುಂಚೆ, ಆಗಬಹುದು.

ಈ ಕಾಗದ ನಿಮ್ಮ ಕೈಗೆ ಸೇರುವುದು ಆ ಸೆಪ್ಟೆಂಬರಿನ ಸಂಜೆ, ಎರಡೂ ಪತ್ರಿಕೆ ಮುಗಿಸಿ ಐವರೂ ಮೇಜಿನ ಸುತ್ತ ಕೂತ ಮೇಲೆ, ಟೀ ಬರುವ ಮೊದಲು. ಬರೆಯಬೇಡಿ ಎಂದರೆ ನೀವು ಕೇಳುವುದಿಲ್ಲ. ಉಳಿದ ನಾಲ್ವರು ಕಾಯುತ್ತಿರುತ್ತಾರೆ. ಆದ್ದರಿಂದ ಬರೆಯಿರಿ. ಪಕ್ಕದವರು ‘ಖಾತ್ರಿನಾ?’ ಎಂದು ಕೇಳಿದಾಗ ಅವರ ಮುಖ ನೋಡಬೇಡಿ, ಪೈಪನ್ನು ನೆನೆಯಿರಿ. ಮೇಲಿನ ಟಾಕಿ, ಕೆಳಗಿನ ಕೊಡ. ಖಾತ್ರಿಯಿದ್ದರೆ ‘ತ’ ಇರಲಿ. ಇಲ್ಲದಿದ್ದರೆ ಅದರ ಮುಂದೆ ‘ನೆನಪಿಲ್ಲ’ ಎಂದು ಬರೆಯಿರಿ. ಆ ಮಾತು ಕಣಜದಲ್ಲಿ ಎಲ್ಲಿಯೂ ಇಲ್ಲ. ನಾನು ಇಡೀ ರಾಶಿಯನ್ನು ಹುಡುಕಿದ್ದೇನೆ. ಇದ್ದಿದ್ದರೆ ನಮ್ಮಲ್ಲಿ ಒಬ್ಬರಾದರೂ ಪುಸ್ತಕ ತೆರೆದು ನೋಡುತ್ತಿದ್ದರು.

ದಿನಾ ಬೆಳಿಗ್ಗೆ ವಾರ್ಡಿಗೆ ಹೋಗಿ ಹನುಮವ್ವನ ಕೈಗೆ ಎರಡೆಳೆ ಕೆಂಪು ನೂಲು ಕೊಡುತ್ತೇನೆ. ಅವಳು ಎರಡನ್ನೂ ಬೆರಳುಗಳ ನಡುವೆ ಹಿಡಿದು, ಹೊಸೆದು, ಇದೇನೆಂದು ನನ್ನನ್ನು ನೋಡುತ್ತಾಳೆ. ನಾಳೆಯ ಎಳೆಗಳನ್ನು ಈಗಲೇ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ನೀವು ಆ ಗೆರೆ ಎಳೆಯದಿದ್ದರೆ ನಾಳೆ ಆ ಹಾಸಿಗೆಯಲ್ಲಿ ಬೇರೆ ಯಾರೋ ಇರುತ್ತಾರೆ, ನಿಮ್ಮ ಪುಟವನ್ನಾಗಲಿ ಈ ಕಾಗದವನ್ನಾಗಲಿ ನಾನು ಕಂಡೇ ಇರುವುದಿಲ್ಲ. ಜೇಬಿಗೆ ಕೈಹಾಕಿ, ಎರಡು ತುಂಡು ನೂಲು ತೆಗೆದು, ಇದು ಇಲ್ಲಿಗೆ ಹೇಗೆ ಬಂತೆಂದು ತಿಳಿಯದೆ ಒಂದು ಗಳಿಗೆ ನಿಲ್ಲುತ್ತೇನೆ.

ಹಾಗೆ ನಿಲ್ಲುವಂತಾಗಲಿ.

ನೀಲಗಂಗಾ